ಯಾನ್ ಗಾರ್ಬಾರೆಕ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾರ್ವೆಯ ಸ್ಯಾಕ್ಸೋಫೋನ್ ವಾದಕ ಯಾನ್ ಗಾರ್ಬಾರೆಕ್ ಅವರ ಸಂಗೀತ ಹೊಸದಾಗಿ ಕಿವಿಗೆ ಬಿದ್ದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನೆಲ್ಲ ಒಂದು ಕಡೆ ಸೇರಿಸಿ ನನಗೆ ತಿಳಿದಷ್ಟು ಬರೆದಿದ್ದೇನೆ. ಇವರ ಸಂಗೀತದಲ್ಲಿ ನನ್ನನ್ನು ಹಿಡಿದಿಟ್ಟಿರುವುದು ಒಂದೇ ವಿಷಯ. ವರ್ಷ ಕಳೆದಂತೆ ಇವರು ನುಡಿಸುವ ಸ್ವರಗಳು ಕಡಿಮೆಯಾಗುತ್ತ ಹೋದವು, ಒಂದೊಂದು ಸ್ವರದ ತೂಕ ಜಾಸ್ತಿಯಾಗುತ್ತ ಹೋಯಿತು.

ಯಾರಿವರು? ಎಲ್ಲಿಯವರು?

1947ರ ಮಾರ್ಚ್ 4ರಂದು ನಾರ್ವೆಯ ಮೀಸೆನ್ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದರು. ಬೆಳೆದದ್ದು ಓಸ್ಲೋದಲ್ಲಿ. ತಾಯಿ ನಾರ್ವೆಯ ರೈತ ಕುಟುಂಬದವರು. ತಂದೆ ಪೋಲೆಂಡಿನವರು. ಎರಡನೇ ಮಹಾಯುದ್ಧದಲ್ಲಿ ಯುದ್ಧಕೈದಿಯಾಗಿ ನಾರ್ವೆಗೆ ಬಂದವರು ಅಲ್ಲೇ ಉಳಿದರು. ನಾರ್ವೆಯಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುತ್ತಿರಲಿಲ್ಲ. ಹಾಗಾಗಿ ಏಳು ವರ್ಷದವರೆಗೆ ಈ ಹುಡುಗ ಯಾವ ದೇಶಕ್ಕೂ ಸೇರಿರಲಿಲ್ಲ. ಮುಂದೆ ಇದೇ ಹುಡುಗನ ಸ್ಯಾಕ್ಸೋಫೋನ್ ಕೇಳಿದವರೆಲ್ಲ 'ಇದು ನಾರ್ವೆಯ ದನಿ' ಅಂದರು. ಇದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಸ್ಯಾಕ್ಸೋಫೋನ್ ಹಿಡಿದದ್ದು ಹೇಗೆ?

ರೇಡಿಯೋದಿಂದ. 1961ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಅಮೆರಿಕದ ಸ್ಯಾಕ್ಸ್ ವಾದಕ ಜಾನ್ ಕೋಲ್ಟ್ರೇನ್ ನುಡಿಸಿದ 'ಕೌಂಟ್‌ಡೌನ್' ರೇಡಿಯೋದಲ್ಲಿ ಬಂತು. ಎರಡೂವರೆ ನಿಮಿಷಕ್ಕೂ ಕಡಿಮೆಯ ತುಣುಕು ಅದು, ಆದರೆ ಸ್ವರಗಳ ಮಳೆ. ಹುಡುಗ ಹಟ ಹಿಡಿದ. ವಾದ್ಯ ಬರುವ ಮೊದಲೇ ಬೆರಳಿಡುವ ಕ್ರಮದ ಪುಸ್ತಕವೊಂದು ಮನೆಗೆ ಬಂತು. ಸ್ಯಾಕ್ಸೋಫೋನ್ ಕೈಗೆ ಸಿಗುವ ಹೊತ್ತಿಗೆ ಯಾವ ಸ್ವರಕ್ಕೆ ಯಾವ ಬೆರಳು ಎಂದು ಅವರಿಗೆ ಗೊತ್ತಿತ್ತು. ಮರುವರ್ಷವೇ, ಅಂದರೆ 1962ರಲ್ಲಿ, ಹವ್ಯಾಸಿ ಜಾಝ್ ವಾದಕರ ಸ್ಪರ್ಧೆಯಲ್ಲಿ ಗೆದ್ದರು.

ಗುರುವಿನ ಎದುರು ಕೂತು ವರ್ಷಗಟ್ಟಲೆ ಕಲಿತವರಲ್ಲ. ಧ್ವನಿಮುದ್ರಣದ ತಟ್ಟೆಗಳನ್ನು (ಆಲ್ಬಂಗಳನ್ನು) ಕೇಳಿ, ಜೊತೆಗಾರರೊಂದಿಗೆ ನುಡಿಸಿ, ತಾವೇ ದಾರಿ ಮಾಡಿಕೊಂಡವರು.

ಜಾರ್ಜ್ ರಸೆಲ್ ಹೆಸರು ಯಾಕೆ ಅಷ್ಟು ಸಲ ಬರುತ್ತದೆ?

ರಸೆಲ್ ಅಮೆರಿಕದ ಸಂಯೋಜಕರು. ಸ್ವರಶ್ರೇಣಿಗಳ ಬಗ್ಗೆ ಅವರು ಕಟ್ಟಿದ ಲಿಡಿಯನ್ ಸಿದ್ಧಾಂತ ಜಾಝ್ ಜಗತ್ತಿನಲ್ಲಿ ದೊಡ್ಡ ಹೆಸರು ಮಾಡಿತ್ತು. 1960ರ ದಶಕದ ನಡುವೆ ಅವರು ಸ್ಕ್ಯಾಂಡಿನೇವಿಯಾಕ್ಕೆ ಬಂದು ನೆಲೆಸಿದರು. ಮೋಲ್ಡೆ ಊರಿನ ಜಾಝ್ ಉತ್ಸವದಲ್ಲಿ ಗಾರ್ಬಾರೆಕ್ ಅವರನ್ನು ಕೇಳಿ, ತಮ್ಮ ತಂಡಕ್ಕೆ ಸೇರಿಸಿಕೊಂಡರು. ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ನಂತರ ಯುರೋಪಿನ ಜಾಝ್‌ನಲ್ಲಿ ಇಷ್ಟು ಸ್ವಂತಿಕೆಯ ದನಿ ಬಂದಿರಲಿಲ್ಲ ಎಂಬುದು ರಸೆಲ್ ಅವರ ಅಭಿಪ್ರಾಯ. ಅಮೆರಿಕದ ಹಿರಿಯರೊಬ್ಬರಿಂದ ಆ ಮಾತು ಬಂದಾಗ ಹುಡುಗನ ಬೆನ್ನು ನೆಟ್ಟಗಾಗದೆ ಇದ್ದೀತೇ?

ಮೊದಲ ತಟ್ಟೆಗಳು ಅಷ್ಟು ಗಡುಸಾಗಿವೆ ಯಾಕೆ? ಈಗಿನ ಸಂಗೀತಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತೆ.

ಸಂಬಂಧ ಇದೆ. ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಆ ಕಾಲದಲ್ಲಿ ಅವರ ಕಿವಿಯಲ್ಲಿದ್ದವರು ಕೋಲ್ಟ್ರೇನ್ ಜೊತೆಗೆ ಆಲ್ಬರ್ಟ್ ಐಲರ್, ಆರ್ಚಿ ಶೆಪ್, ಫೇರೋ ಸ್ಯಾಂಡರ್ಸ್ ಎಂಬ ಅಮೆರಿಕದ ಸ್ಯಾಕ್ಸ್ ವಾದಕರು. ಕೂಗು, ಚೀರು, ಸೀಳುದನಿ ಎಲ್ಲವೂ ಅವರ ಭಾಷೆಯ ಭಾಗ. 1970ರ ಸೆಪ್ಟೆಂಬರಿನಲ್ಲಿ ಓಸ್ಲೋದಲ್ಲಿ ಧ್ವನಿಮುದ್ರಣವಾದ 'ಆಫ್ರಿಕ್ ಪೆಪರ್‌ಬರ್ಡ್' ಕೇಳಿ. ಗಿಟಾರ್‌ನಲ್ಲಿ ತೆರ್ಯೆ ರಿಪ್ದಾಲ್, ಬೇಸ್‌ನಲ್ಲಿ ಆರಿಲ್ಡ್ ಆಂಡರ್ಸನ್, ಡ್ರಮ್ಸ್‌ನಲ್ಲಿ ಯೂನ್ ಕ್ರಿಸ್ಟೆನ್ಸನ್. ನಾಲ್ವರೂ ಇಪ್ಪತ್ತರ ಹರೆಯದವರು. ಸ್ಯಾಕ್ಸ್ ಗುಡುಗುತ್ತದೆ, ಗೊಗ್ಗರಾಗುತ್ತದೆ. ಆದರೆ ಒಂದು ವಾಕ್ಯ ಮುಗಿದ ಮೇಲೆ ಯಾರೂ ಓಡಿಹೋಗಿ ಆ ಜಾಗ ತುಂಬುವುದಿಲ್ಲ. ಆ ಖಾಲಿ ಜಾಗವೇ ಮುಂದೆ ದೊಡ್ಡದಾಗುತ್ತ ಬಂತು.

ಇಸಿಎಂ ಅಂದರೇನು? ಎಲ್ಲ ತಟ್ಟೆಗಳ ಮೇಲೂ ಅದೇ ಹೆಸರಿದೆಯಲ್ಲ?

ಮ್ಯಾನ್‌ಫ್ರೆಡ್ ಐಷರ್ 1969ರಲ್ಲಿ ಮ್ಯೂನಿಕ್‌ನಲ್ಲಿ ಶುರು ಮಾಡಿದ ಧ್ವನಿಮುದ್ರಣ ಸಂಸ್ಥೆ. 'ಆಫ್ರಿಕ್ ಪೆಪರ್‌ಬರ್ಡ್' ಆ ಸಂಸ್ಥೆಯ ಏಳನೆಯ ತಟ್ಟೆ. ಅಲ್ಲಿಂದ ಇವತ್ತಿನವರೆಗೆ ಗಾರ್ಬಾರೆಕ್ ಮತ್ತು ಐಷರ್ ನಂಟು ಕಡಿದಿಲ್ಲ. ಸಂಗೀತಗಾರ ಮತ್ತು ನಿರ್ಮಾಪಕ ಐವತ್ತು ವರ್ಷ ಜೊತೆಯಾಗಿ ನಡೆದ ಉದಾಹರಣೆ ಜಾಝ್‌ನಲ್ಲಿ ತೀರ ಅಪರೂಪ.

ಇಲ್ಲಿ ಮೂರನೆಯ ಹೆಸರೊಂದನ್ನು ಮರೆಯಬಾರದು: ಧ್ವನಿಮುದ್ರಣ ಎಂಜಿನಿಯರ್ ಯಾನ್ ಎರಿಕ್ ಕೋಂಗ್ಸ್‌ಹೌಗ್. ಓಸ್ಲೋದಲ್ಲಿ ಅವರು ಕೆಲಸ ಮಾಡಿದ ಸ್ಟುಡಿಯೋಗಳಲ್ಲಿ ಹುಟ್ಟಿದ ಆ ತಿಳಿಯಾದ, ಉದ್ದ ಅನುರಣನದ ದನಿಯನ್ನೇ ಜನ 'ಇಸಿಎಂ ಸೌಂಡ್' ಎಂದು ಕರೆಯುವುದು. ಮೈಕ್ ಮುಂದೆ ಸ್ಯಾಕ್ಸ್ ಒಂದು ಸ್ವರ ಬಿಟ್ಟರೆ ಅದು ಸಾಯುವ ತನಕ ಪೂರ್ತಿ ಕೇಳಿಸಬೇಕು. ಕಡಿಮೆ ಸ್ವರ ನುಡಿಸುವವರಿಗೆ ಇದಕ್ಕಿಂತ ದೊಡ್ಡ ವರ ಇನ್ನೇನು ಬೇಕು?

ಅಮೆರಿಕದ ಪಿಯಾನೋ ವಾದಕ ಕೀತ್ ಜಾರೆಟ್ ತಂಡದಲ್ಲಿ ಇವರು ಬರೀ ಜೊತೆಗಾರರಾಗಿದ್ದರಾ?

ಹೆಸರು ಜಾರೆಟ್ ಅವರದ್ದು, ರಚನೆಗಳೂ ಅವರದ್ದೇ. ಆದರೆ ಆ ತಂಡ ಹುಟ್ಟಿದ ಬಗೆ ನೋಡಿ. 1973ರಲ್ಲಿ ಗಾರ್ಬಾರೆಕ್, ಸ್ವೀಡನ್ನಿನ ಪಿಯಾನೋ ವಾದಕ ಬೂಬೊ ಸ್ಟೆನ್ಸನ್, ಬೇಸ್ ವಾದಕ ಪಾಲೆ ಡೇನಿಯಲ್ಸನ್, ಡ್ರಮ್ಸ್‌ನ ಕ್ರಿಸ್ಟೆನ್ಸನ್ ಸೇರಿ 'ವಿಚಿ-ತೈ-ತೋ' ಮಾಡಿದರು. ನನ್ನ ಪ್ರಕಾರ ಯುರೋಪಿನ ಜಾಝ್‌ನ ಅತ್ಯುತ್ತಮ ತಟ್ಟೆಗಳಲ್ಲಿ ಅದೊಂದು. ಮುಂದಿನ ವರ್ಷ ಜಾರೆಟ್ ಬಂದಾಗ ಪಿಯಾನೋ ಒಂದು ಬದಲಾಯಿತು, ಉಳಿದ ಮೂವರೂ ಅವರೇ. ಒಟ್ಟಿಗೆ ಉಸಿರಾಡಿ ಅಭ್ಯಾಸವಾಗಿದ್ದ ತಂಡಕ್ಕೆ ಜಾರೆಟ್ ರಾಗ ಬರೆದರು.

1974ರಲ್ಲಿ 'ಬಿಲಾಂಗಿಂಗ್', 1977ರಲ್ಲಿ 'ಮೈ ಸಾಂಗ್' ಮುದ್ರಣವಾದವು. 1979ರಲ್ಲಿ ಟೋಕಿಯೋ ಮತ್ತು ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನ ಕಛೇರಿಗಳು. ಅಲ್ಲಿಗೆ ತಂಡದ ಕಥೆ ಮುಗಿಯಿತು. ಟೋಕಿಯೋದ ಒಂದು ಮುದ್ರಣ 'ಸ್ಲೀಪರ್' ಎಂಬ ಹೆಸರಿನಲ್ಲಿ ಹೊರಬಂದದ್ದು 2012ರಲ್ಲಿ.

'ಮೈ ಸಾಂಗ್' ತಟ್ಟೆಯ ಅದೇ ಹೆಸರಿನ ರಚನೆಯನ್ನು ಒಮ್ಮೆ ಗಮನ ಇಟ್ಟು ಕೇಳಿ. ರಾಗ ಮಕ್ಕಳ ಹಾಡಿನಷ್ಟು ಸರಳ. ಬೇರೆಯವರಾದರೆ ಎರಡನೇ ಸುತ್ತಿಗೆ ಅಲಂಕಾರ ಶುರು ಮಾಡುತ್ತಿದ್ದರು. ಗಾರ್ಬಾರೆಕ್ ಅದನ್ನು ಹಾಡಿದ ಹಾಗೆ ನುಡಿಸುತ್ತಾರೆ, ಅಷ್ಟೆ. ಕೆಲವು ಸ್ವರಗಳಿಗೆ ಕೆಳಗಿನಿಂದ ಸ್ವಲ್ಪ ಜಾರಿ ಬರುತ್ತಾರೆ. ಆ ಜಾರುವಿಕೆಯಲ್ಲೇ ಎಲ್ಲ ಇದೆ.

ಅಮೆರಿಕದ ರಾಕ್ ತಂಡ ಸ್ಟೀಲಿ ಡ್ಯಾನ್ ಜೊತೆಗಿನ ತಕರಾರು ಏನು?

ತಕರಾರು ಜಾರೆಟ್ ಅವರದ್ದು. 'ಬಿಲಾಂಗಿಂಗ್'ನ ಒಂದು ರಚನೆಗೂ ಸ್ಟೀಲಿ ಡ್ಯಾನ್ ತಂಡದ 1980ರ 'ಗಾಚೋ' ಹಾಡಿಗೂ ಹೋಲಿಕೆ ಇತ್ತು. ಕೊನೆಗೆ ಆ ಹಾಡಿನ ರಚನಕಾರರಲ್ಲಿ ಜಾರೆಟ್ ಹೆಸರೂ ಸೇರಿತು.

ಆ ದನಿಯನ್ನು ಮೊದಲ ಸ್ವರದಲ್ಲೇ ಗುರುತಿಸಬಹುದು ಅನ್ನುತ್ತಾರೆ. ಅದರ ಗುಟ್ಟೇನು?

ವಾದ್ಯ ಎರಡು, ಎರಡೂ ಸ್ಯಾಕ್ಸೋಫೋನೇ: ದಪ್ಪ ದನಿಯ ಟೆನರ್ ಮತ್ತು ಎತ್ತರದ ದನಿಯ ಬಾಗಿದ ಸೊಪ್ರಾನೊ. ನೆಟ್ಟಗಿನ ಸೊಪ್ರಾನೊ ಜಾಸ್ತಿ ಜನ ನುಡಿಸುತ್ತಾರೆ. ಇವರ ಕೈಯಲ್ಲಿರುವುದು ಪುಟ್ಟ ಆಲ್ಟೋ ಸ್ಯಾಕ್ಸೋಫೋನ್ ಥರ ಕಾಣುವ ಬಾಗಿದ ರೂಪ.

ದನಿಯ ವಿಷಯಕ್ಕೆ ಬಂದರೆ, ಅದಕ್ಕೆ ಚೂಪಾದ ಅಂಚಿದೆ. ಅಮೆರಿಕದ ಟೆನರ್ ವಾದಕರಲ್ಲಿ ಹಲವರು ದನಿಯ ಸುತ್ತ ಬೆಚ್ಚಗಿನ ಉಸಿರು ಬಿಡುತ್ತಾರೆ. ಇವರಲ್ಲಿ ಅದಿಲ್ಲ. ಸ್ವರವನ್ನು ಉದ್ದಕ್ಕೆ ಹಿಡಿಯುತ್ತಾರೆ. ಹಿಡಿದ ಸ್ವರ ಸುಮ್ನೆ ನಿಂತಿರುವುದಿಲ್ಲ. ಶುರುವಿನಲ್ಲಿ ಒಂಚೂರು ಬಾಗುತ್ತದೆ, ನಡುವೆ ಬಿಗಿಯಾಗುತ್ತದೆ, ಕೊನೆಗೆ ಬಣ್ಣ ಬದಲಿಸುತ್ತದೆ. ನಮ್ಮವರ ಕಿವಿಗೆ ಇದು ಬೇಗ ಹಿಡಿಸುತ್ತದೆ. ಒಂದೇ ಸ್ವರದ ಮೇಲೆ ನಿಲ್ಲುವುದರಲ್ಲಿ ಎಷ್ಟು ಕೆಲಸ ಇದೆ ಎಂದು ರಾಗ ಕೇಳಿದವರಿಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ನಾರ್ವೆಯ ಗುಡ್ಡಗಳಲ್ಲಿ ದನಗಾಹಿಗಳು ದನ ಕರೆಯಲು ಹಾಕುವ ಹಾಡುಗೂಗಿಗೆ 'ಲೋಕ್' ಎನ್ನುತ್ತಾರೆ. 1975ರ 'ದಾನ್ಸೆರೆ' ತಟ್ಟೆಯಲ್ಲಿ ಅದೇ ಹೆಸರಿನ ರಚನೆ ಇದೆ. ಕಣಿವೆಯ ಆಚೆಗೂ ಮುಟ್ಟಬೇಕಾದ ಕೂಗು ಹೇಗಿರಬೇಕೋ ಇವರ ಸ್ಯಾಕ್ಸ್ ಹಾಗಿದೆ. ಅದರಲ್ಲಿ ಬಲ ಇದೆ, ಆತುರ ಇಲ್ಲ.

'ದಿಸ್' ತಟ್ಟೆಯಲ್ಲಿ ಕೇಳಿಸುವ ಆ ಗುಂಯ್‌ಗುಡುವ ವಾದ್ಯ ಯಾವುದು?

ಅದನ್ನು ನುಡಿಸಿದ್ದು ಗಾಳಿ. ನಾರ್ವೆಯ ಕಡಲಂಚಿನಲ್ಲಿ ಗಾಳಿಹಾರ್ಪ್ ಎಂಬ ತಂತಿವಾದ್ಯ ನಿಲ್ಲಿಸಿ, ಕಡಲ ಗಾಳಿ ತಂತಿಗಳ ಮೇಲೆ ಹಾಯುವಾಗ ಏಳುವ ನಾದವನ್ನು ಮುದ್ರಿಸಿಕೊಂಡರು. ಅದರ ಮೇಲೆ ಗಾರ್ಬಾರೆಕ್ ಅವರ ಸ್ಯಾಕ್ಸ್, ರಾಲ್ಫ್ ಟೌನರ್ ಅವರ ಗಿಟಾರ್. 1976ರ ಡಿಸೆಂಬರಿನ ಮುದ್ರಣ. ಡ್ರಮ್ಸ್ ಇಲ್ಲ, ಬೇಸ್ ಇಲ್ಲ. ಗಾಳಿಯ ಶ್ರುತಿ ಮೇಲೆ ಕೆಳಗೆ ಅಲುಗಾಡುತ್ತಿರುತ್ತದೆ, ತಂಬೂರಿಯ ಹಾಗೆ ಒಂದೇ ಕಡೆ ನಿಲ್ಲುವುದಿಲ್ಲ. ಹಾಗಾಗಿ ಅದನ್ನು ಕೇಳಿಕೊಂಡೇ ಮುಂದಿನ ಸ್ವರ ಇಡಬೇಕು. ಆರು ವರ್ಷದ ಹಿಂದೆ ಗುಡುಗಿದ್ದ ಅದೇ ಮನುಷ್ಯ ಇಲ್ಲಿ ಗಾಳಿಗೆ ದಾರಿ ಬಿಟ್ಟು ನಿಂತಿದ್ದಾರೆ.

ತಂಡದ ನಾಯಕರಾಗಿ ಹೇಗೆ?

ಅಪ್ಪಣೆ ಮಾಡುವ ನಾಯಕರಲ್ಲ. ಜನರನ್ನು ಆರಿಸುವುದರಲ್ಲೇ ಅವರ ಅರ್ಧ ಕೆಲಸ ಮುಗಿದಿರುತ್ತದೆ. ಜರ್ಮನಿಯ ಬೇಸ್ ವಾದಕ ಎಬರ್ಹಾರ್ಡ್ ವೇಬರ್ 1978ರ ತಟ್ಟೆಯೊಂದರಿಂದ ಹಿಡಿದು 2007ರವರೆಗೆ ಇವರ ಜೊತೆಗಿದ್ದರು. ಕೀಬೋರ್ಡ್‌ನ ರೈನರ್ ಬ್ರೂನಿಂಗ್‌ಹೌಸ್ 1980ರ ದಶಕದ ಕೊನೆಯಿಂದ. ತಾಳವಾದ್ಯದಲ್ಲಿ ಬ್ರೆಜಿಲ್‌ನ ನಾನಾ ವಾಸ್ಕೊನ್ಸೆಲೋಸ್, ಡೆನ್ಮಾರ್ಕಿನ ಮರಿಲಿನ್ ಮಜೂರ್, ಫ್ರಾನ್ಸಿನ ಮನು ಕಚೇ, ನಮ್ಮ ತ್ರಿಲೋಕ್ ಗುರ್ಟು. ಗಿಟಾರ್‌ನ ಬಿಲ್ ಫ್ರಿಸೆಲ್ ಹೆಸರು ಮಾಡುವ ಮೊದಲೇ 1981ರ 'ಪಾತ್ಸ್, ಪ್ರಿಂಟ್ಸ್'ನಲ್ಲಿ ಇವರೊಂದಿಗೆ ನುಡಿಸಿದ್ದರು.

ಕಛೇರಿಯಲ್ಲಿ ಇವರು ಒಬ್ಬೊಬ್ಬರಿಗೂ ಉದ್ದದ ಜಾಗ ಬಿಡುತ್ತಾರೆ. ಅದಕ್ಕೆ ಸಾಕ್ಷಿ ಬೇಕಿದ್ದರೆ ವೇಬರ್ ಅವರ ಕಥೆ ಕೇಳಿ. 2007ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು, ಮತ್ತೆ ಬೇಸ್ ನುಡಿಸಲು ಆಗಲಿಲ್ಲ. ಗಾರ್ಬಾರೆಕ್ ತಂಡದ ಕಛೇರಿಗಳಲ್ಲಿ ವೇಬರ್ ವರ್ಷಾನುಗಟ್ಟಲೆ ಒಂಟಿಯಾಗಿ ನುಡಿಸಿದ್ದ ಭಾಗಗಳ ಮುದ್ರಣ ಇತ್ತು. ಅವನ್ನೇ ಜೋಡಿಸಿ, ಮೇಲೆ ಹೊಸದಾಗಿ ಕೆಲಸ ಮಾಡಿ 2012ರಲ್ಲಿ 'ರೆಸ್ಯುಮೆ' ಎಂಬ ತಟ್ಟೆ ತಂದರು. ಅದರಲ್ಲಿ ಗಾರ್ಬಾರೆಕ್ ಬಂದು ಸ್ಯಾಕ್ಸ್ ಸೇರಿಸಿದ್ದಾರೆ. ನಾಯಕ ಅಷ್ಟು ಜಾಗ ಬಿಟ್ಟಿರದಿದ್ದರೆ ಆ ತಟ್ಟೆಯೇ ಇರುತ್ತಿರಲಿಲ್ಲ.

ಜಾನಪದ ಸಂಗೀತದ ಗುಂಗು ಎಲ್ಲಿಂದ ಬಂತು?

ವಿಚಿತ್ರ ಅಂದರೆ ಅದೂ ಒಬ್ಬ ಅಮೆರಿಕನ್ನರಿಂದ. ಸ್ಕ್ಯಾಂಡಿನೇವಿಯಾದಲ್ಲಿ ನೆಲೆಸಿದ್ದ ಟ್ರಂಪೆಟ್ ವಾದಕ ಡಾನ್ ಚೆರ್ರಿ, ನಿಮ್ಮ ನೆಲದ ಹಾಡುಗಳತ್ತ ನೋಡಿ ಎಂದು ಈ ಹುಡುಗರ ಕಿವಿ ತಿರುಗಿಸಿದರು. 1972ರ 'ತ್ರಿಪ್ತಿಕೋನ್'ನಲ್ಲೇ ನಾರ್ವೆಯ ಮದುವೆ ಮೆರವಣಿಗೆಯ ಧಾಟಿ ಇದೆ. 1988ರಲ್ಲಿ ಜಾನಪದ ಗಾಯಕಿ ಆಗ್ನೆಸ್ ಬೂಯೆನ್ ಗಾರ್ನೋಸ್ ಜೊತೆ 'ರೋಸೆನ್ಸ್‌ಫೋಲೆ' ಮಾಡಿದರು. ಉತ್ತರ ಸ್ಕ್ಯಾಂಡಿನೇವಿಯಾದ ಮೂಲನಿವಾಸಿಗಳಾದ ಸಾಮಿ ಜನಾಂಗದ ಗಾಯಕಿ ಮಾರಿ ಬೊಯಿನೆ 'ಟ್ವೆಲ್ವ್ ಮೂನ್ಸ್'ನಲ್ಲಿ ಹಾಡಿದ್ದಾರೆ. 'ವಿಚಿ-ತೈ-ತೋ' ರಾಗವೂ ಅಮೆರಿಕದ ಮೂಲನಿವಾಸಿ ಪರಂಪರೆಯದು, ಅದನ್ನು ಜಾಝ್‌ಗೆ ತಂದದ್ದು ಸ್ಯಾಕ್ಸ್ ವಾದಕ ಜಿಮ್ ಪೆಪ್ಪರ್.

ಭಾರತದ ಕಲಾವಿದರ ಜೊತೆ ನುಡಿಸಿದ್ದಾರಾ?

ಹೌದು, ಮತ್ತೆ ಮತ್ತೆ. ಪಿಟೀಲಿನ ಎಲ್. ಶಂಕರ್ ಅವರ 'ಸಾಂಗ್ ಫಾರ್ ಎವ್ರಿಒನ್' 1984ರಲ್ಲಿ ಮುದ್ರಣವಾಯಿತು. ಅದರಲ್ಲಿ ಜಾಕಿರ್ ಹುಸೇನ್ ಮತ್ತು ತ್ರಿಲೋಕ್ ಗುರ್ಟು ಇಬ್ಬರೂ ಇದ್ದಾರೆ. 1986ರಲ್ಲಿ ಮುದ್ರಣವಾದ ಜಾಕಿರ್ ಅವರ 'ಮೇಕಿಂಗ್ ಮ್ಯೂಸಿಕ್'ನಲ್ಲಿ ಹರಿಪ್ರಸಾದ್ ಚೌರಾಸಿಯಾ ಅವರ ಬಾನ್ಸುರಿ, ಜಾನ್ ಮೆಕ್‌ಲಾಫ್ಲಿನ್ ಅವರ ಗಿಟಾರ್ ಜೊತೆ ಇವರ ಸ್ಯಾಕ್ಸ್. ನಾಲ್ವರು ದೊಡ್ಡವರು ಸೇರಿದರೆ ಜಟಾಪಟಿ ಆಗುವ ಸಂಭವವೇ ಹೆಚ್ಚು. ಇಲ್ಲಿ ಬಾನ್ಸುರಿ ಮಾತಾಡುವಾಗ ಸ್ಯಾಕ್ಸ್ ಕೇಳಿಸಿಕೊಳ್ಳುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ 'ರಾಗಾಸ್ ಅಂಡ್ ಸಾಗಾಸ್'. ಪಾಕಿಸ್ತಾನದ ಪಟಿಯಾಲಾ ಘರಾನೆಯ ಉಸ್ತಾದ್ ಫತೇ ಅಲಿ ಖಾನ್ ಹಾಡುತ್ತಾರೆ, ಜೊತೆಗೆ ಸಾರಂಗಿ, ತಬಲಾ. 1990ರಲ್ಲಿ ಓಸ್ಲೋದಲ್ಲಿ ಮುದ್ರಣ, 1992ರಲ್ಲಿ ಬಿಡುಗಡೆ. ಗಾರ್ಬಾರೆಕ್ ಇಲ್ಲಿ ರಾಗ ನುಡಿಸುವವರ ಹಾಗೆ ನಟಿಸುವುದಿಲ್ಲ. ತಮ್ಮದೇ ದನಿಯಲ್ಲಿ ಉತ್ತರ ಕೊಡುತ್ತಾರೆ. ಫ್ಯೂಷನ್ ಹೆಸರಿನ ಎಷ್ಟೋ ಪ್ರಯತ್ನಗಳಲ್ಲಿ ಸಿಗದ ಮರ್ಯಾದೆ ಅದು.

ಕರ್ನಾಟಕಕ್ಕೂ ಇದಕ್ಕೂ ನಂಟು ಇದೆಯೇ?

ಗಾರ್ಬಾರೆಕ್ ಮೂಲಕ ನೇರವಾಗಿ ಇಲ್ಲ, ಇಸಿಎಂ ಮೂಲಕ ಇದೆ. ಯುರೋಪಿನಲ್ಲಿ ನೆಲೆಸಿದ್ದ ಅಮೆರಿಕದ ಸ್ಯಾಕ್ಸ್ ವಾದಕ ಚಾರ್ಲಿ ಮರಿಯಾನೋ, ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಮಾಡಿದ 'ಜ್ಯೋತಿ' 1983ರಲ್ಲಿ ಅದೇ ಸಂಸ್ಥೆಯಿಂದ ಬಂತು. ಆರ್.ಎ. ರಮಾಮಣಿ ಅವರ ಗಾಯನ, ಟಿ.ಎ.ಎಸ್. ಮಣಿ ಅವರ ಮೃದಂಗ. ಇದನ್ನು ಕೇಳದ ಬೆಂಗಳೂರಿನವರು ತುಂಬ ಇದ್ದಾರೆ, ಕೇಳಲೇಬೇಕು.

ಕದ್ರಿ ಗೋಪಾಲನಾಥ್ ಅವರ ಸ್ಯಾಕ್ಸೋಫೋನಿಗೂ ಇದಕ್ಕೂ ಏನು ವ್ಯತ್ಯಾಸ?

ಕದ್ರಿಯವರದ್ದು ಆಲ್ಟೋ, ಇವರದ್ದು ಟೆನರ್ ಮತ್ತು ಸೊಪ್ರಾನೊ. ಅದಕ್ಕಿಂತ ಮುಖ್ಯವಾದದ್ದು ಬೇರೆ. ಕದ್ರಿಯವರು ವಾದ್ಯವನ್ನು ಗಮಕಕ್ಕೆ ಒಗ್ಗಿಸಿದರು. ಅಲ್ಲಿ ಸ್ವರದಿಂದ ಸ್ವರಕ್ಕೆ ಸದಾ ಚಲನೆ. ಗಾರ್ಬಾರೆಕ್ ನಿಲ್ಲಿಸಿ ನೋಡುತ್ತಾರೆ. ಯಾರು ಹೆಚ್ಚು ಎಂಬ ಚರ್ಚೆ ಬೇಡ. ತಮಗೆ ಹುಟ್ಟಿನಿಂದ ಬಾರದ ವಾದ್ಯವೊಂದನ್ನು ಇಬ್ಬರೂ ತಮ್ಮ ನೆಲದ ಮಾತು ಆಡುವಂತೆ ಮಾಡಿದರು.

'ಒಫೀಸಿಯಂ' ಯಾಕೆ ಅಷ್ಟು ಪ್ರಸಿದ್ಧ?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಿಲಿಯರ್ಡ್ ಎನ್‌ಸೆಂಬಲ್ ಎಂಬುದು ಇಂಗ್ಲೆಂಡಿನ ನಾಲ್ವರು ಗಾಯಕರ ತಂಡವಾಗಿತ್ತು. ಯುರೋಪಿನ ಹಳೆಯ ಚರ್ಚ್ ಸಂಗೀತ ಅವರ ಕ್ಷೇತ್ರ. ವಾದ್ಯ ಇಲ್ಲದೆ ಬರೀ ಕಂಠಗಳಲ್ಲಿ ಹಾಡುತ್ತಿದ್ದವರು. ಇವರನ್ನೂ ಗಾರ್ಬಾರೆಕ್ ಅವರನ್ನೂ ಸೇರಿಸುವ ಯೋಚನೆ ಐಷರ್ ಅವರದ್ದು. 1993ರ ಸೆಪ್ಟೆಂಬರಿನಲ್ಲಿ ಆಸ್ಟ್ರಿಯಾದ ಬೆಟ್ಟಗಳ ನಡುವಿನ ಸೇಂಟ್ ಗೆರೋಲ್ಡ್ ಮಠದಲ್ಲಿ ಧ್ವನಿಮುದ್ರಣ ನಡೆಯಿತು. 1994ರಲ್ಲಿ ತಟ್ಟೆ ಬಂತು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಲ್ಯಾಟಿನ್ ಪ್ರಾರ್ಥನೆ ಮತ್ತು ಸ್ಯಾಕ್ಸೋಫೋನ್ ಇರುವ ತಟ್ಟೆಗೆ ಅಂಥ ಮಾರುಕಟ್ಟೆ ಇದೆ ಎಂದು ಯಾರು ಅಂದುಕೊಂಡಿದ್ದರು?

ಮೊದಲ ರಚನೆ 'ಪಾರ್ಚೆ ಮಿಹಿ ದೋಮಿನೆ'. ಬರೆದವರು ಹದಿನಾರನೇ ಶತಮಾನದ ಸ್ಪೇನಿನ ಕ್ರಿಸ್ಟೋಬಲ್ ದೆ ಮೊರಾಲೆಸ್. ಪದಗಳು ಬೈಬಲ್ಲಿನ ಯೋಬನ ಮಾತು: ದೇವರೇ, ನನ್ನನ್ನು ಬಿಟ್ಟುಬಿಡು, ನನ್ನ ದಿನಗಳು ಏನೇನೂ ಅಲ್ಲ. ಸತ್ತವರಿಗಾಗಿ ಮಾಡುವ ಪ್ರಾರ್ಥನೆಯ ಭಾಗ ಅದು. ನಾಲ್ಕು ಕಂಠಗಳು ಪದ ಪದಕ್ಕೆ ಒಟ್ಟಾಗಿ, ತೀರ ನಿಧಾನವಾಗಿ ಹೆಜ್ಜೆ ಇಡುತ್ತವೆ. ಅವರ ಸ್ವರಗಳು ನಾಲ್ಕುನೂರಕ್ಕೂ ಹೆಚ್ಚು ವರ್ಷದ ಹಿಂದೆ ಬರೆದಿಟ್ಟವು, ಒಂದೂ ಬದಲಾಗುವುದಿಲ್ಲ. ಸ್ಯಾಕ್ಸ್‌ಗೆ ಬರೆದದ್ದು ಏನೂ ಇಲ್ಲ. ಗಾರ್ಬಾರೆಕ್ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುತ್ತಾರೆ. ಕಂಠಗಳ ನಡುವೆ ಐದನೆಯ ಕಂಠವಾಗಿ ಮೆಲ್ಲಗೆ ಬರುತ್ತಾರೆ. ಆಮೇಲೆ ಅವುಗಳ ಮೇಲಕ್ಕೆ ಏರುತ್ತಾರೆ. ಕಲ್ಲಿನ ಕಟ್ಟಡದ ಅನುರಣನದಲ್ಲಿ ಒಂದು ಸ್ವರ ಆರುವ ಮೊದಲೇ ಇನ್ನೊಂದು ಹುಟ್ಟುತ್ತದೆ. ಹಾಗಾಗಿ ತಪ್ಪು ಜಾಗದಲ್ಲಿ ಒಂದು ಸ್ವರ ಬಿದ್ದರೂ ಎಲ್ಲ ಕಲಸಿಹೋಗುತ್ತದೆ. ಕಡಿಮೆ ನುಡಿಸುವ ಕಲೆಯಲ್ಲಿ ಇಪ್ಪತ್ತು ವರ್ಷ ಪಳಗಿದವರಿಗೆ ಮಾತ್ರ ಸಾಧ್ಯವಾದ ಕೆಲಸ ಇದು.

ಇದೇ ರಚನೆ ಆ ತಟ್ಟೆಯಲ್ಲಿ ಮೂರು ಸಲ ಬರುತ್ತದೆ. ಮೂರನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ.

ಆಮೇಲೆ 1999ರಲ್ಲಿ 'ನೆಮೋಸಿನೆ', 2010ರಲ್ಲಿ 'ಒಫೀಸಿಯಂ ನೋವುಂ' ಬಂದವು. 2014ರಲ್ಲಿ ಹಿಲಿಯರ್ಡ್ ತಂಡ ಹಾಡುವುದನ್ನು ನಿಲ್ಲಿಸಿತು. ಆ ವರ್ಷ ಸ್ವಿಟ್ಜರ್ಲೆಂಡಿನ ಬೆಲಿಂಜೋನಾ ಚರ್ಚಿನ ಕಛೇರಿಯ ಮುದ್ರಣ 2019ರಲ್ಲಿ 'ರಿಮೆಂಬರ್ ಮಿ, ಮೈ ಡಿಯರ್' ಎಂದು ಹೊರಬಂತು.

ಇದು ಜಾಝ್ ಅಲ್ಲ, ಬರೀ ಹಿನ್ನೆಲೆ ಸಂಗೀತ ಎಂದು ಕೆಲವರು ಹೇಳುತ್ತಾರಲ್ಲ?

ಹೇಳುತ್ತಾರೆ. ಜಾಝ್‌ನ ತೂಗುವ ಲಯವಾದ ಸ್ವಿಂಗ್ ಇಲ್ಲ, ಕಪ್ಪು ಅಮೆರಿಕನ್ನರ ಹಾಡಿನಿಂದ ಬಂದ ಬ್ಲೂಸ್ ಇಲ್ಲ, ತೀರ ತಣ್ಣಗಿದೆ ಎಂಬ ದೂರು ಹಳೆಯದು. 1990ರ ದಶಕದ ಕೆಲವು ತಟ್ಟೆಗಳಲ್ಲಿ ಕೀಬೋರ್ಡಿನ ಹಾಸು ಜಾಸ್ತಿಯಾಗಿ ಸಂಗೀತ ಸ್ವಲ್ಪ ನುಣುಪಾಯಿತು ಎಂಬುದನ್ನು ನಾನೂ ಒಪ್ಪುತ್ತೇನೆ. 'ವಿಸಿಬಲ್ ವರ್ಲ್ಡ್' ನನ್ನನ್ನು ಅಷ್ಟಾಗಿ ಹಿಡಿಯುವುದಿಲ್ಲ. ಆದರೆ ತಣ್ಣಗಿದೆ ಎಂಬ ಮಾತು ನನಗೆ ಒಪ್ಪಿಗೆ ಇಲ್ಲ. ಆ ದನಿಯಲ್ಲಿ ಅಳು ಇದೆ. ಜಾಝ್ ಅಂದರೆ ಆ ಕ್ಷಣದಲ್ಲಿ ಕೇಳಿಸಿಕೊಂಡು, ಆ ಕ್ಷಣದಲ್ಲೇ ತನ್ನ ಮಾತು ಹೇಳುವುದು ಎಂದಾದರೆ 'ಒಫೀಸಿಯಂ'ನ ಸ್ಯಾಕ್ಸ್ ನೂರಕ್ಕೆ ನೂರು ಜಾಝ್.

ಹಾಡುಗಾರ್ತಿ ಆನ್ಯಾ ಗಾರ್ಬಾರೆಕ್ ಇವರ ಮಗಳೇ?

ಹೌದು. ಅವರ ಸಂಗೀತದ ದಾರಿ ಬೇರೆ.

ಈಚಿನ ವರ್ಷಗಳಲ್ಲಿ ಹೊಸ ತಟ್ಟೆ ಯಾಕೆ ಕಡಿಮೆ?

2004ರಲ್ಲಿ ವಯೋಲಾ ವಾದಕಿ ಕಿಮ್ ಕಶ್ಕಶಿಯಾನ್ ಜೊತೆ 'ಇನ್ ಪ್ರೈಸ್ ಆಫ್ ಡ್ರೀಮ್ಸ್' ಬಂತು, ಗ್ರ್ಯಾಮಿಗೆ ನಾಮನಿರ್ದೇಶನವಾಯಿತು. 2007ರ ಕಛೇರಿಯ ಮುದ್ರಣ 'ಡ್ರೆಸ್ಡೆನ್' 2009ರಲ್ಲಿ ಬಂತು. ತಮ್ಮ ತಂಡದ ಹೆಸರಿನಲ್ಲಿ ಅವರು ಬಿಟ್ಟ ಮೊದಲ ನೇರ ಕಛೇರಿಯ ತಟ್ಟೆ ಅದು. ಆಮೇಲೆ ಅವರ ಗಮನ ಸ್ಟುಡಿಯೋಗಿಂತ ವೇದಿಕೆಯ ಕಡೆ ಹೋಯಿತು. ತ್ರಿಲೋಕ್ ಗುರ್ಟು ಜೊತೆ ಯುರೋಪಿನ ಊರೂರು ಸುತ್ತಿದ್ದಾರೆ.

ಸರಿ, ಎಲ್ಲಿಂದ ಶುರು ಮಾಡಲಿ?

ಶಾಸ್ತ್ರೀಯ ಸಂಗೀತ ಕೇಳಿ ಬೆಳೆದವರು 'ಮೇಕಿಂಗ್ ಮ್ಯೂಸಿಕ್'ನಿಂದ ಶುರು ಮಾಡಿ, ಪರಿಚಿತ ದನಿಗಳ ನಡುವೆ ಇವರನ್ನು ಗುರುತಿಸುವುದು ಸುಲಭ. ಜಾಝ್ ರುಚಿ ಇರುವವರು 'ವಿಚಿ-ತೈ-ತೋ' ಮತ್ತು 'ಬಿಲಾಂಗಿಂಗ್' ಒಟ್ಟಿಗೆ ಹಾಕಿಕೊಳ್ಳಿ. ಆಮೇಲೆ 'ಮೈ ಸಾಂಗ್', 'ದಿಸ್', 'ರಾಗಾಸ್ ಅಂಡ್ ಸಾಗಾಸ್', ಈ ಕ್ರಮದಲ್ಲಿ. 'ಆಫ್ರಿಕ್ ಪೆಪರ್‌ಬರ್ಡ್' ಕೊನೆಗೆ ಇಟ್ಟುಕೊಳ್ಳಿ, ಆಗ ಅದರೊಳಗಿನ ಮೌನ ಕಿವಿಗೆ ಬೀಳುತ್ತದೆ. 'ಒಫೀಸಿಯಂ' ಮಾತ್ರ ಕೆಲಸ ಮಾಡುತ್ತ ಕೇಳಬೇಡಿ. ರಾತ್ರಿ ಫೋನ್ ಪಕ್ಕಕ್ಕಿಟ್ಟು, ಒಳ್ಳೆ ಹೆಡ್‌ಫೋನ್ ಹಾಕಿಕೊಂಡು, ಮೊದಲ ರಚನೆಯಿಂದ ಹದಿನೈದನೆಯದರ ತನಕ ಒಂದೇ ಸಮನೆ ಕೇಳಿ.